ಎತ್ತಿದ ಕೈಗೆ ಅಡ್ಡ ಕೈ

“ಹೆಣ್ಣುಮಕ್ಕಳಿಗೆ ಹೊಡೆದಾಟದ ವಿದ್ಯೆ ಯಾಕ್ರೀ?” ಎಂದು ಕೇಳುವವರು ನಮ್ಮ ಊರುಗಳಲ್ಲಿ ಇಂದಿಗೂ ಇದ್ದಾರೆ. ಮಗಳು ಶಾಲೆಯಿಂದ ಬಂದು, “ಅಮ್ಮಾ, ಕರಾಟೆ ಕ್ಲಾಸಿಗೆ ಸೇರ್ತೀನಿ” ಅಂದಳೆನ್ನಿ. ಅಜ್ಜಿ ಮುಖ ಗಂಟಿಕ್ಕುತ್ತಾರೆ, ಅಪ್ಪ ಪೇಪರಿನ ಮರೆಗೆ ಸರಿಯುತ್ತಾರೆ. ಕೊನೆಗೆ ತೀರ್ಮಾನ ಬರುವುದು ನಿಮ್ಮ ತಲೆಗೇ! ಆದ್ದರಿಂದ ಈ ಸಲ ಆ ವಿದ್ಯೆಯ ವಿಚಾರವನ್ನೇ ಸ್ವಲ್ಪ ಮಾತಾಡೋಣ.

ಮೊದಲು ಒಂದು ಸಮಾಧಾನದ ಸಂಗತಿ. ಕರಾಟೆ ಎಂದರೆ ಬರಿಗೈ ಎಂದರ್ಥ. ಅದು ಹುಟ್ಟಿದ್ದು ಜಪಾನಿನ ದಕ್ಷಿಣದ ಓಕಿನಾವ ದ್ವೀಪದಲ್ಲಿ. 1922ರಲ್ಲಿ ಅದನ್ನು ಟೋಕಿಯೋದ ಜನರ ಮುಂದೆ ಪ್ರದರ್ಶಿಸಿದ ಗಿಚಿನ್ ಫುನಾಕೋಶಿ ವೃತ್ತಿಯಿಂದ ಶಾಲೆಯ ಮೇಷ್ಟ್ರು. ಕರಾಟೆ ಕಲಿತವರು ತಾವಾಗಿ ಮೊದಲು ಕೈ ಮಾಡಬಾರದೆಂಬುದು ಅವರು ಶಿಷ್ಯರಿಗೆ ಹಾಕಿಕೊಟ್ಟ ನಿಯಮ. ಅವರ ಶೋಟೋಕಾನ್ ಪದ್ಧತಿಯಲ್ಲಿ ಹೊಸಬರಿಗೆ ಕಲಿಸುವ ‘ಹೇಯಾನ್ ಶೋದಾನ್’ ಎಂಬ ಪಾಠ ಶುರುವಾಗುವುದೇ ಏಟನ್ನು ತಡೆಯುವ ವರಸೆಯಿಂದ. ಅಜ್ಜಿಗೆ ಇಷ್ಟು ಹೇಳಿ ನೋಡಿ, ಗಂಟು ಸ್ವಲ್ಪ ಸಡಿಲವಾದೀತು.

ಇನ್ನು ತಡೆಯುವುದು ಹೇಗೆ? ಕೈಯೇಟಿಗೆ ಮುಖ್ಯವಾಗಿ ಮೂರು ತಡೆಗಳನ್ನು ಕಲಿಸುತ್ತಾರೆ.

ಮುಖಕ್ಕೆ ಬರುವ ಏಟಿಗೆ ಮೇಲ್ತಡೆ. ಸೊಂಟದ ಬಳಿಯಿದ್ದ ಮುಷ್ಟಿಯನ್ನು ಎದೆಯ ಮುಂದಿನಿಂದ ಮೇಲಕ್ಕೆತ್ತಿ, ಮುಂಗೈಯನ್ನು ಹಣೆಯ ಮುಂದೆ ಒಂದು ಹಿಡಿಯಷ್ಟು ದೂರದಲ್ಲಿ ನಿಲ್ಲಿಸಬೇಕು. ಮೊಣಕೈ ತಗ್ಗಿ, ಮುಷ್ಟಿ ಎತ್ತರದಲ್ಲಿರಲಿ. ಹಂಚಿನ ಮಾಡಿನ ಮೇಲೆ ಮಳೆನೀರು ನಿಲ್ಲುತ್ತದೆಯೇ? ಜಾರಿಹೋಗುತ್ತದೆ. ಏಟೂ ಹಾಗೆಯೇ ಜಾರಬೇಕು. ಕೈಯನ್ನು ತೊಲೆಯ ಹಾಗೆ ನೆಟ್ಟಗೆ ಅಡ್ಡ ಇಟ್ಟರೆ ಪೂರ್ತಿ ಭಾರ ನಿಮ್ಮ ಮೂಳೆಯ ಮೇಲೇ ಬೀಳುತ್ತದೆ.

ಎದೆಗೆ ಬರುವ ಏಟಿಗೆ ನಡುತಡೆ. ಮುಷ್ಟಿಯನ್ನು ಎದುರು ಕಂಕುಳ ಕೆಳಗಿನಿಂದ ಹೊರಕ್ಕೆ ತಂದು ಭುಜದ ಎತ್ತರದಲ್ಲಿ ನಿಲ್ಲಿಸಿ. ಮೊಣಕೈ ಮಡಿಚಿ, ಪಕ್ಕೆಯಿಂದ ಒಂದು ಹಿಡಿ ದೂರವಿರಲಿ. ಬಂದ ಕೈ ಬದಿಗೆ ಸರಿದುಹೋಗುತ್ತದೆ.

ಹೊಟ್ಟೆಯ ಕೆಳಗೆ ಬರುವ ಏಟಿಗೆ ಕೆಳತಡೆ. ಮುಷ್ಟಿಯನ್ನು ಎದುರು ಕಿವಿಯ ಹತ್ತಿರ ಒಯ್ದು, ಅಲ್ಲಿಂದ ಕೆಳಕ್ಕೆ ಗುಡಿಸುವ ಹಾಗೆ ಬೀಸಿ, ಮುಂದಿನ ಮೊಣಕಾಲಿನ ತುಸು ಮೇಲೆ ನಿಲ್ಲಿಸಬೇಕು.

ಈ ಮೂರಕ್ಕೂ ಸಾಮಾನ್ಯವಾದ ಗುಟ್ಟೊಂದಿದೆ. ಒಂದು ಕೈ ಮುಂದೆ ಹೋಗುವಾಗ ಇನ್ನೊಂದು ಕೈ ಅದೇ ಬಿರುಸಿನಲ್ಲಿ ಸೊಂಟಕ್ಕೆ ಹಿಂದೆ ಬರಬೇಕು. ನೀವು ಹಗ್ಗ ಹಾಕಿ ಮಜ್ಜಿಗೆ ಕಡೆದವರಾದರೆ ಇದನ್ನು ವಿವರಿಸಬೇಕಾಗಿಲ್ಲ! ಒಂದು ಕೈ ಎಳೆದಾಗಲೇ ಇನ್ನೊಂದು ಕೈಗೆ ಓಟ. ಬಲ ಬರುವುದು ಸೊಂಟ ತಿರುಗುವುದರಿಂದ, ತೋಳಿನ ದಪ್ಪದಿಂದಲ್ಲ. ಮುಂಗೈ ಕಡೆಯ ಕ್ಷಣದಲ್ಲಿ ತಿರುಗಲಿ. ಜೊತೆಗೆ ಒಂದು ಹೆಜ್ಜೆ ಹಿಂದಕ್ಕೂ ಸರಿಯಿರಿ. ಮುಷ್ಟಿ ಕಟ್ಟುವಾಗ ಹೆಬ್ಬೆರಳು ಬೆರಳುಗಳ ಒಳಗೆ ಸಿಕ್ಕಿಕೊಳ್ಳದೆ ಹೊರಗೆ ಮಡಿಚಿರಬೇಕು. ಇಲ್ಲವಾದರೆ ನೋಯುವುದು ನಿಮ್ಮ ಬೆರಳೇ.

ಎಲ್ಲಕ್ಕಿಂತ ಕಷ್ಟದ್ದು ಕಣ್ಣಿನ ಪಾಠ. ಯಾರಾದರೂ ಕೈ ಎತ್ತಿದರೆ ಕಣ್ಣು ಮುಚ್ಚಿ, ತಲೆ ತಗ್ಗಿಸುವುದು ನಮಗೆಲ್ಲ ರೂಢಿ. ಕರಾಟೆಯಲ್ಲಿ ಎದುರಾಳಿಯ ಕೈಯೊಂದನ್ನೇ ನೋಡದೆ, ಅವನ ಭುಜ ಮತ್ತು ಎದೆಯ ಕಡೆ ದೃಷ್ಟಿ ಇಡಲು ಹೇಳುತ್ತಾರೆ. ಏಟು ಹೊರಡುವ ಮುಂಚೆ ಭುಜ ಅಲುಗುತ್ತದೆ. ಕಣ್ಣು ತೆರೆದೇ ಇರುವುದನ್ನು ಕಲಿತರೆ ಅರ್ಧ ವಿದ್ಯೆ ಬಂದ ಹಾಗೆ.

ಮನೆಯಲ್ಲಿ ಮಗಳ ಜೊತೆ ಅಭ್ಯಾಸ ಮಾಡಬಹುದು. ಅವಳು ಎಲ್ಲಿಗೆ ಗುದ್ದುತ್ತೇನೆಂದು ಮೊದಲೇ ಹೇಳಿ, ಒಂದೊಂದು ಹೆಜ್ಜೆ ಮುಂದೆ ಬರುತ್ತ ನಿಧಾನವಾಗಿ ಐದು ಸಲ ಕೈ ಚಾಚಲಿ. ನೀವು ಒಂದೊಂದು ಹೆಜ್ಜೆ ಹಿಂದೆ ಹೋಗುತ್ತ ತಡೆಯಿರಿ. ಆಮೇಲೆ ಸರದಿ ಬದಲಿಸಿ. ಹೊಸಬರಿಗೆ ತರಗತಿಗಳಲ್ಲಿ ಕಲಿಸುವ ಕ್ರಮವೂ ಹೀಗೆಯೇ. ಗಾಜಿನ ಬಳೆ, ಉಂಗುರ ತೆಗೆದಿಡಿ, ಸರ ಒಳಗಿರಲಿ, ಸೀರೆಗಿಂತ ಸಲ್ವಾರ್ ಅನುಕೂಲ. ಊಟವಾದ ಕೂಡಲೇ ಬೇಡ. ಬಸುರಿಯರು, ಬೆನ್ನುನೋವು, ರಕ್ತದೊತ್ತಡ ಇರುವವರು ಡಾಕ್ಟರನ್ನು ಕೇಳದೆ ತೊಡಗಬಾರದು.

ಹಾಗೆಂದು ಓದಿದ್ದಷ್ಟರಿಂದಲೇ ವಿದ್ಯೆ ಬಂತೆಂದುಕೊಳ್ಳಬೇಡಿ. ಕಣ್ಣೆದುರು ತಿದ್ದುವ ಗುರು ಬೇಕೇ ಬೇಕು. ಮಗಳನ್ನು ಸೇರಿಸುವ ಮೊದಲು ಒಂದು ದಿನ ನೀವೇ ಹೋಗಿ ಕೂತು ನೋಡಿ. ತಾಯಂದಿರು ಕೂತು ನೋಡುವುದಕ್ಕೆ ಒಪ್ಪದ ತರಗತಿ ಬೇಡವೇ ಬೇಡ.

ಬೀದಿಯಲ್ಲಿ ಏಟು ಹೇಳಿ ಬರುವುದಿಲ್ಲ. ಅಲ್ಲಿ ತಡೆ ಇರುವುದು ಗೆಲ್ಲುವುದಕ್ಕಲ್ಲ. ಒಂದು ಕ್ಷಣ ಸಂಪಾದಿಸಿ, ಜೋರಾಗಿ ಕೂಗಿ, ಜನ ಇರುವ ಕಡೆ ಓಡುವುದಕ್ಕೆ. ಎದುರಿನವನ ಕೈಯಲ್ಲಿ ಚಾಕು ಇದ್ದರೆ ಚೀಲವನ್ನೋ ಸರವನ್ನೋ ಕೊಟ್ಟುಬಿಡಿ. ಜೀವಕ್ಕಿಂತ ಒಡವೆ ದೊಡ್ಡದಲ್ಲ. ಆತ್ಮರಕ್ಷಣೆಯ ಹಕ್ಕನ್ನು ಕಾನೂನು ಒಪ್ಪುತ್ತದೆ. ಹಿಂದೆ ದಂಡಸಂಹಿತೆಯಲ್ಲಿದ್ದ ಈ ಹಕ್ಕು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಆದರೆ ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಪೆಟ್ಟು ಕೊಡುವಂತಿಲ್ಲ.

ಇನ್ನೊಂದು ಮಾತು ಹೇಳದೆ ಮುಗಿಸಲಾರೆ. ಏಳುವ ಕೈಗಳೆಲ್ಲ ಬೀದಿಯವೇ ಆಗಿರುವುದಿಲ್ಲ, ಕೆಲವು ಮನೆಯೊಳಗಿನವೇ. “ಗಂಡನ ಕೈಗೆ ಅಡ್ಡ ಕೈ ಇಡಬಹುದೇ?” ಎಂದು ಒಳಗೊಳಗೇ ಕೇಳಿಕೊಳ್ಳುವ ಸೋದರಿಯರಿದ್ದಾರೆ. ಮುಖ ಕಾಪಾಡಿಕೊಳ್ಳುವುದು ತಪ್ಪಲ್ಲ, ಪಾಪವಂತೂ ಅಲ್ಲವೇ ಅಲ್ಲ. ಆದರೆ ದಿನದಿನವೂ ಏಳುವ ಕೈಗೆ ಕರಾಟೆ ಔಷಧಿಯಲ್ಲ. ನಾಲ್ಕು ಗೋಡೆಯೊಳಗೆ ಓಡಲು ಜಾಗವಿಲ್ಲ, ತಡೆದದ್ದಕ್ಕೇ ಸಿಟ್ಟು ಇಮ್ಮಡಿಯಾಗಲೂಬಹುದು. ಅಲ್ಲಿ ಬೇಕಾದ್ದು ನಾಲ್ಕು ಜನರ ಆಸರೆ ಮತ್ತು ಕಾನೂನಿನ ಬಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಲ್ಲಿ ಸಂರಕ್ಷಣಾಧಿಕಾರಿಯ ಮೂಲಕ ರಕ್ಷಣೆ ಕೇಳಬಹುದು, ಆ ಮನೆಯಲ್ಲೇ ಇರುವ ಹಕ್ಕನ್ನೂ ಕೇಳಬಹುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಈ ಎರಡು ಸಂಖ್ಯೆಗಳನ್ನು ಅಡಿಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ. ನಿಮಗೆ ಬೇಕಾಗದಿದ್ದರೆ ಸಂತೋಷ. ಪಕ್ಕದ ಮನೆಯವರಿಗೆ ಬೇಕಾದೀತು.

ಮಗಳನ್ನು ಖಂಡಿತ ಸೇರಿಸಿ. ಸಾಧ್ಯವಾದರೆ ನೀವೂ ಅವಳ ಜೊತೆ ಹೋಗಿ ನಿಂತುಕೊಳ್ಳಿ. ನಲವತ್ತಾಯಿತು ಎಂಬ ನೆವ ಬೇಡ. ಲಟ್ಟಣಿಗೆ ಹಿಡಿದ ಕೈಗೆ ಬಲದ ಕೊರತೆ ಎಂದೂ ಇಲ್ಲ. ಏನಂತೀರಿ?