ಹುಣಸೆಯ ಹೂವೂ ನಮ್ಮ ಲೆಕ್ಕವೂ

ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆದರೆ ಆ ಹುಳಿಗೆ ಮೂಲವಾದ ಹೂವನ್ನು ನಿಂತು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ಹಾರೋಹಳ್ಳಿಯ ಹೊಲಗಳು ಕೈಗಾರಿಕಾ ಪ್ರದೇಶವಾಗಿ ಮಾರ್ಪಟ್ಟಿರುವ ಈ ಕಾಲದಲ್ಲಿ ಆ ಹೂವಿನ ಪರವಾಗಿ ನಾಲ್ಕು ಮಾತು ಹೇಳುವುದು ಅನುಚಿತವಾಗಲಾರದು.

ಹುಣಸೆಯ ತವರು ಆಫ್ರಿಕದ ಮರ ಚೆದುರಿದ ಹುಲ್ಲುಬಯಲು. ಆದರೂ ಅರಬರು ಅದನ್ನು ಹಿಂದ್ ದೇಶದ ಖರ್ಜೂರವೆಂದು ಕರೆದರು. ಅಷ್ಟರಮಟ್ಟಿಗೆ ಅದು ನಮ್ಮದಾಗಿಬಿಟ್ಟಿದೆ. ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಸೆಯ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆನಿಸಿತು.

ಮುಂಗಾರಿನ ಆರಂಭಕ್ಕೆ ಈ ಮರ ಹೂ ಬಿಡುತ್ತದೆ. ಮೊಗ್ಗು ನಸುಗೆಂಪು, ಅರಳಿದಾಗ ಹಳದಿ ದಳಗಳ ಮೇಲೆ ಕೆಂಪು ಗೆರೆಗಳು. ದಳಗಳು ಐದಾದರೂ ಎರಡು ಬರಿಯ ಎಳೆಗಳಂತಿದ್ದು, ಕಣ್ಣಿಗೆ ಕಾಣುವುದು ಮೂರೇ. ಪರಾಗ ಕೊಡುವ ಕೇಸರಗಳೂ ಮೂರೇ. ಶಲಾಕಾಗ್ರವು ಕೇಸರಗಳಿಗಿಂತ ಮೇಲೆ ಚಾಚಿರುವುದರಿಂದ ತನ್ನ ಪರಾಗ ತನಗೇ ತಾಕುವುದು ಸುಲಭವಲ್ಲ. ತಾಕಿದರೂ ಕಾಯಿ ಕಟ್ಟುವುದು ಬಹಳ ಕಡಿಮೆ. ಬೇರೊಂದು ಹುಣಸೆಯ ಪರಾಗ ಬರಬೇಕು. ಅದನ್ನು ಮಕರಂದದ ಆಸೆಗೆ ಬರುವ ತುಡುವೆ, ಹೆಜ್ಜೇನು, ಕೋಲುಜೇನುಗಳು ತರಬೇಕು. ಇಷ್ಟಾದರೂ ಗೊಂಚಲಿನ ಬಹುಪಾಲು ಹೂಗಳು ಉದುರಿ, ಕೆಲವೇ ಕಾಯಾಗುತ್ತವೆ. ಇದು ಹೊಸ ವಿಷಯವೇನೂ ಅಲ್ಲ; 1977ರಲ್ಲಿಯೇ ‘ಮೈಸೂರು ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್’ ಪತ್ರಿಕೆ ಹುಣಸೆಯ ಪುಷ್ಪಜೀವನವನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿತ್ತು.

ನಾನು ಸಸ್ಯಶಾಸ್ತ್ರದವನಲ್ಲ, ಅರ್ಥಶಾಸ್ತ್ರದ ವಿದ್ಯಾರ್ಥಿ. ಆದುದರಿಂದಲೇ ನನ್ನ ಪ್ರಶ್ನೆ ಲೆಕ್ಕವನ್ನು ಕುರಿತದ್ದು. ಒಂದು ಮರ ಕಡಿದರೆ ಬದಲಿಗೆ ಸಸಿ ನೆಟ್ಟರಾಯಿತೆನ್ನುತ್ತೇವೆ. ಬೀಜದಿಂದ ಬೆಳೆದ ಹುಣಸೆ ಫಲ ಕೊಡಲು ಸುಮಾರು 7ರಿಂದ 10 ವರ್ಷ ಬೇಕು. ಅದುವರೆಗೆ ಜೇನು ಎಲ್ಲಿಗೆ ಹೋಗಬೇಕು? ಹತ್ತು ಬದುಗಳ ಮರಗಳನ್ನು ಉರುಳಿಸಿ, ಕಾರ್ಖಾನೆಯ ಆವರಣದಲ್ಲಿ ಶೋಭೆಗೆಂದು ಒಂದನ್ನು ಉಳಿಸಿದರೆ ಆ ಒಂಟಿ ಮರಕ್ಕೆ ಪರಾಗ ಎಲ್ಲಿಂದ ಬರಬೇಕು? ಪಟ್ಟಿಯಲ್ಲಿ ಮರವಿರುತ್ತದೆ, ಫಲ ಕ್ಷೀಣಿಸುತ್ತದೆ.

ಈ ಫಲವೇನು ಅಲ್ಪವೇ? ನನ್ನ ತಂದೆತಾಯಿಗಳು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬದುವಿನ ಹುಣಸೆಯನ್ನು ಬಡಿದು, ಕುಟ್ಟಿ, ಬೀಜ ಬಿಡಿಸಿ ಮಾರಿದ ಹಣ ನನ್ನ ಪುಸ್ತಕಗಳಿಗೆ ಒದಗಿತು. ಮಳೆ ಕೈಕೊಟ್ಟು ರಾಗಿ ಹೋದ ವರ್ಷವೂ ಮರ ಕೈಬಿಡಲಿಲ್ಲ. ಆ ಕೂಲಿಯಿಲ್ಲದ ಆಳುಗಳಾದ ಜೇನಿನ ಹೆಸರು ಯಾವ ಲೆಕ್ಕದ ಪುಸ್ತಕದಲ್ಲಿಯೂ ಇಲ್ಲ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ತಗುಲಿ ರಾಜ್ಯದ ತುಡುವೆ ಜೇನು ಬಹುಪಾಲು ನಾಶವಾದಾಗ ಅವುಗಳ ಬೆಲೆ ತಿಳಿಯಬೇಕಿತ್ತು.

ಕಾರ್ಖಾನೆಗಳು ಬೇಡವೆಂದು ನನ್ನ ವಾದವಲ್ಲ. ನಮ್ಮ ತರುಣರಿಗೆ ಉದ್ಯೋಗ ಬೇಕು, ನನಗೂ ಬೇಕು. ಆದರೆ ನಿವೇಶನ ಅಳೆಯುವಾಗ ಹಳೆಯ ಬದುವಿನ ಮರಗಳ ಸಾಲನ್ನು ಸಾಲಾಗಿಯೇ ರಸ್ತೆಯ ಅಂಚಿಗೆ ಉಳಿಸಿಕೊಳ್ಳಲಾಗದೇ? ಹೂ ಬಿಟ್ಟ ತಿಂಗಳಲ್ಲಿ ಮರದ ಸುತ್ತ ಕೀಟನಾಶಕ ಸಿಂಪಡಿಸದಿರಲಾಗದೇ? ಸಜ್ಜದ ಕೆಳಗೆ ಹೆಜ್ಜೇನು ಕಟ್ಟಿದೊಡನೆ ಬೆಂಕಿಯಿಡುವ ಬದಲು ಬಲ್ಲವರನ್ನು ಕರೆಸಲಾಗದೇ? ಹೆಜ್ಜೇನು ಕಚ್ಚುತ್ತದೆ, ನಿಜ. ಆದರೆ ಕಾಲ ಮುಗಿದೊಡನೆ ತಾನಾಗಿ ವಲಸೆ ಹೋಗುವ ಜೀವಿಯೂ ಹೌದು.

ನಾಳೆ ಆ ಕಾರ್ಖಾನೆಗಳಲ್ಲಿ ಲೆಕ್ಕ ಬರೆಯಲಿರುವವರು ನಾವೇ. ಮರಗಳನ್ನು ಎಣಿಸುವಾಗ ಮರಗಳ ನಡುವೆ ಹಾರಾಡುವುದನ್ನೂ ಎಣಿಸೋಣ.