ಅರಳು ಮರಳು ಎಂದು ಕೈಬಿಡಬೇಡಿ

ಮಾನ್ಯ ಆರೋಗ್ಯ ಸಚಿವರಿಗೆ,

ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಕೇಳಲು ತಮಾಷೆಯಾಗಿದೆ. ನಮ್ಮಲ್ಲಿ ಡಿಮೆನ್ಷಿಯಾ ತಡವಾಗಿ ಪತ್ತೆಯಾಗುವುದರಲ್ಲಿ ಅದರ ಪಾಲೂ ಇದೆ ಎಂಬುದು ನನ್ನ ದೂರು. ವಯಸ್ಸಾದಂತೆ ಹೆಸರು ನೆನಪಾಗಲು ಹೊತ್ತು ಹಿಡಿಯುವುದು ಸಹಜ. ಐವತ್ತು ವರ್ಷ ಸಾರು ಮಾಡಿದ ಕೈಗೆ ಮೊದಲು ಬೇಳೆಯೋ ಹುಳಿಯೋ ತೋಚದಿರುವುದು, ಹುಟ್ಟಿದೂರಲ್ಲೇ ದಾರಿ ತಪ್ಪುವುದು, ಸೊಸೆಯೇ ಒಡವೆ ಕದ್ದಳೆಂದು ದಿನವೂ ದೂರುವುದು ಸಹಜವಲ್ಲ. ಅದು ಮೆದುಳಿನ ಕಾಯಿಲೆಯ ಸೂಚನೆಯಾಗಿರಬಹುದು. ಗಾದೆ ಎರಡನ್ನೂ ಒಂದೇ ಗಂಟು ಕಟ್ಟಿ ಮೂಲೆಗಿಡುತ್ತದೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ, ಅರವತ್ತು ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಅರವತ್ತಾದರೆ ಎಲ್ಲರಿಗೂ ಅರಳು ಮರಳು ಎಂಬ ನಂಬಿಕೆಯನ್ನು ಈ ಲೆಕ್ಕವೇ ಸುಳ್ಳು ಮಾಡುತ್ತದೆ: ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಕಾಯಿಲೆ ಇಲ್ಲ. ಇರುವವರಲ್ಲಿ ಹೆಂಗಸರ ಮತ್ತು ಹಳ್ಳಿಯವರ ಪ್ರಮಾಣ ಹೆಚ್ಚು; ನರರೋಗ ತಜ್ಞರು ಬಹುಪಾಲು ಸಿಗುವುದು ನಗರಗಳಲ್ಲಿ.

ಗುಣವಾಗದ ಕಾಯಿಲೆಯನ್ನು ಪತ್ತೆಹಚ್ಚಿ ಏನು ಪ್ರಯೋಜನ ಎಂದು ನಿಮ್ಮ ಅಧಿಕಾರಿಗಳೇ ಕೇಳಬಹುದು. ಡಿಮೆನ್ಷಿಯಾದ ಮುಖ್ಯ ಕಾರಣವಾದ ಆಲ್ಝೈಮರ್ ಗುಣವಾಗದು, ನಿಜ. ಆದರೆ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಬಿದ್ದ ಪೆಟ್ಟಿಗೆ ತಲೆಬುರುಡೆಯೊಳಗೆ ನಿಂತ ರಕ್ತ ಇವೂ ಡಿಮೆನ್ಷಿಯಾದ ವೇಷ ಹಾಕುತ್ತವೆ. ಬೇಗ ಗೊತ್ತಾದರೆ ಚಿಕಿತ್ಸೆಗೆ ಬಗ್ಗುತ್ತವೆ. ಉಳಿದವರಿಗೂ ಕಾಯಿಲೆಯ ಹೆಸರು ತಿಳಿಯುವುದು ಸಣ್ಣ ಸಂಗತಿಯಲ್ಲ. ಹಟವೆಂದು ಗದರುತ್ತಿದ್ದ ಮನೆಯವರು ರೋಗವೆಂದು ತಿಳಿದು ತಾಳಿಕೊಳ್ಳುತ್ತಾರೆ, ಗ್ಯಾಸ್ ಒಲೆಯ ಮೇಲೆ ಕಣ್ಣಿಡುತ್ತಾರೆ. ಜಮೀನು, ಬ್ಯಾಂಕಿನ ಕಾಗದಪತ್ರಗಳನ್ನು ಆ ಹಿರಿಯರು ತಿಳಿವಿರುವಾಗಲೇ ತಮ್ಮಿಷ್ಟದಂತೆ ಮಾಡಿಸಿಡಬಹುದು. ಇದು ತಪ್ಪಿದಾಗ ಆಗುವ ಜಗಳಗಳಿಗೆ ನಮ್ಮ ಕೋರ್ಟುಗಳಲ್ಲಿ ಕೊರತೆಯಿಲ್ಲ.

ಬಿಪಿ, ಶುಗರ್ ನೋಡಲು ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆಯ ಸಿಬ್ಬಂದಿ ಹೇಗೂ ಮನೆಬಾಗಿಲಿಗೆ ಬರುತ್ತಾರೆ. ಆ ಎರಡೂ ಡಿಮೆನ್ಷಿಯಾಕ್ಕೆ ದಾರಿಮಾಡುವಂಥವೇ. ಅದೇ ಭೇಟಿಯಲ್ಲಿ ಮರೆವಿನ ಬಗ್ಗೆ ನಾಲ್ಕೈದು ಪ್ರಶ್ನೆ ಕಡ್ಡಾಯವಾಗಲಿ. ನೂರರಿಂದ ಏಳೇಳು ಕಳೆಯಿರಿ, ಈ ವಾಕ್ಯ ಓದಿ ಎನ್ನುವ ಪರೀಕ್ಷೆ ಬೇಡ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಆರೋಗ್ಯವಾಗಿದ್ದರೂ ಅದರಲ್ಲಿ ಫೇಲಾಗುತ್ತಾರೆ. ಸಂತೆಯ ದಿನ ನೆನಪಿದೆಯೇ, ಚಿಲ್ಲರೆ ಲೆಕ್ಕ ತಪ್ಪುತ್ತಿದೆಯೇ, ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ ಎಂದು ಮನೆಯವರನ್ನು ಕೇಳಿದರೆ ಸಾಕು. ಈ ಭೇಟಿಗಳಲ್ಲಿ ಭಾಗಿಯಾಗುವ ಆಶಾ ಕಾರ್ಯಕರ್ತೆಯರಿಗೆ ಈಗಲೇ ಹೊರೆ ಹೆಚ್ಚಾಗಿದೆ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಹಾಗಾಗಿ ಪ್ರಶ್ನೆಗಳ ಜೊತೆಗೆ ತರಬೇತಿಯನ್ನೂ ಹೆಚ್ಚುವರಿ ಗೌರವಧನವನ್ನೂ ಕೊಡಿ. ಅವರು ಕಳಿಸಿದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಬಿ12, ಥೈರಾಯ್ಡ್ ಪರೀಕ್ಷೆ ಉಚಿತವಾಗಿ ಆಗುವಂತೆ ಆದೇಶ ಹೊರಡಿಸಿ.

ಇಂತಿ ತಮ್ಮ ವಿಶ್ವಾಸಿ