ಆಶೆಯೂ ಭರವಸೆಯೂ

ತಾಯಿಗೆ ತಗುಲಿದ ಸ್ತನದ ಕ್ಯಾನ್ಸರ್ ಮೂಳೆಗೂ ಹಬ್ಬಿದೆಯೆಂದು ತಿಳಿದ ಮೇಲೆ ಕುಂಬಾರವಾಡದ ನಮ್ಮ ಮನೆಗೆ ಬಂದುಹೋದವರೆಲ್ಲ ಒಂದೇ ಮಾತನ್ನಾಡಿದರು: "ಆಶೆ ಬಿಡಬೇಡಿ ಸರ್, ಎಲ್ಲ ಗುಣವಾಗುತ್ತದೆ." ಅವರ ಅಂತಃಕರಣವನ್ನು ನಾನು ಶಂಕಿಸುವುದಿಲ್ಲ. ಆದರೆ ರೋಗಿಯ ಮನೆಯಲ್ಲಿ ಈ ಮಾತು ಮಾಡುವ ಕೇಡು ಅಲ್ಪವಲ್ಲವೆಂದೇ ನನ್ನ ಅಭಿಪ್ರಾಯ.

ಆ ಕೇಡು ಮೊದಲು ನನ್ನಿಂದಲೇ ಆಯಿತು. ಹುಬ್ಬಳ್ಳಿಯಲ್ಲಿ ವೈದ್ಯರು ಹೇಳಿದುದನ್ನು ಆಯಿಯಿಂದ ಮುಚ್ಚಿಟ್ಟು, ಬೆನ್ನುನೋವು ವಾತದ್ದೆಂದೆ. ದಾಂಡೇಲಿ, ಹಳಿಯಾಳ ದಾಟಿ ತಿಂಗಳು ತಿಂಗಳೂ ಅಷ್ಟು ದೂರ ವಾತಕ್ಕೆಂದು ಯಾರು ಹೋಗುತ್ತಾರೆ? ನಾಲ್ಕನೆಯ ಪ್ರಯಾಣದಲ್ಲಿ, ಬಸ್ಸಿನಲ್ಲಿ, ಆಕೆಯೇ ಬಾಯಿಬಿಟ್ಟಳು: "ನೀನು ಹೆದರ್ತೀಯ ಅಂತ ಕೇಳಲಿಲ್ಲ. ಎಷ್ಟು ದಿನ ಅಂದ್ರು?" ಅಷ್ಟು ಕಾಲವೂ ಆಕೆ ತನ್ನ ಭಯವನ್ನು ಒಬ್ಬಳೇ ಹೊತ್ತಿದ್ದಳು, ನಾನು ನನ್ನ ಸುಳ್ಳನ್ನು ಹೊತ್ತಿದ್ದೆ.

ಕನ್ನಡ ಪಾಠ ಹೇಳುವವನಿಗೆ ಶಬ್ದ ಕೆದಕುವ ಚಾಳಿ ಬಿಡದು. ಆಶೆ ನಾವು ಪಡುವಂಥದು. ಭರವಸೆ ಇನ್ನೊಬ್ಬರಿಗೆ ಕೊಡುವಂಥದು, ಇನ್ನೊಬ್ಬರಲ್ಲಿ ಇಡುವಂಥದು. ನಮ್ಮ ನೆರೆಯ ಮರಾಠಿಯ 'ಭರವಸಾ'ಕ್ಕೂ ನೆಚ್ಚಿಕೆಯೆಂದೇ ಅರ್ಥ. ರೋಗ ಪೂರ್ತಿ ಮಾಯವಾಗಲೆಂಬುದು ಆಶೆ. ಈ ಘಟ್ಟದಲ್ಲಿ ಅದು ಮಗನ ಕೈಯಲ್ಲಿಲ್ಲ, ಬಹುಮಟ್ಟಿಗೆ ವೈದ್ಯರ ಕೈಯಲ್ಲಿಯೂ ಇಲ್ಲ. ಹಾಗೆಂದು ಕೈಚೆಲ್ಲಿ ಕೂಡಬೇಕಾಗಿಲ್ಲ. 1977ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಟಮೋಕ್ಸಿಫೆನ್ ಮೊದಲಾಗಿ, ಹಾರ್ಮೋನಿನ ಬಲದಿಂದ ಬೆಳೆಯುವ ಗೆಡ್ಡೆಗಳನ್ನು ತಡೆಯುವ ಗುಳಿಗೆಗಳಿವೆ. ಬೇರೊಂದು ಬಗೆಯ ಗೆಡ್ಡೆಗೆಂದು 1998ರಲ್ಲಿ ಬಂದ ಟ್ರಾಸ್ಟುಜುಮಾಬ್ ಔಷಧಿಯ ಸಮಾನ ರೂಪವನ್ನು 2014ರಲ್ಲಿ ಬೆಂಗಳೂರಿನ ಬಯೋಕಾನ್ ನಮ್ಮ ಮಾರುಕಟ್ಟೆಗೆ ತಂದಿತು. ಹಬ್ಬಿದ ರೋಗವನ್ನು ಇವು ಸಾಮಾನ್ಯವಾಗಿ ಬೇರುಸಹಿತ ಕೀಳಲಾರವು. ಹಲವರಿಗೆ ಕಾಲವನ್ನು ಕೊಡಬಲ್ಲವು.

ನಾನು ಕೊಡಬಹುದಾದ ಭರವಸೆ ಬೇರೆ: ಕೇಳಿದುದಕ್ಕೆ ಸುಳ್ಳು ಹೇಳೆನು, ನೋವಿನಲ್ಲಿ ನರಳಲು ಬಿಡೆನು. ಎರಡನೆಯದು ಸುಲಭವಲ್ಲ. ಸರಕಾರದ ಪರವಾನಿಗೆಯಲ್ಲಿ ಅಫೀಮು ಬೆಳೆದು ಪರದೇಶಕ್ಕೂ ಕಳುಹಿಸಿದ ನಾಡಿದು. ಇಲ್ಲಿಯೇ 1985ರ ಮಾದಕವಸ್ತು ಕಾಯಿದೆಯ ಬಿಗಿಯಿಂದ ಮಾರ್ಫಿನ್ ರೋಗಿಗೆ ದುರ್ಲಭವಾಯಿತು. 2014ರ ತಿದ್ದುಪಡಿಯಿಂದ ಪರವಾನಿಗೆಯ ತೊಡಕು ಸಡಿಲವಾದರೂ ಜನರ ಭಯ ಸಡಿಲವಾಗಿಲ್ಲ. "ಚಟ ಹತ್ತುತ್ತದೆ, ನಿಲ್ಲಿಸು" ಎಂದು ಬಂಧುವೊಬ್ಬರು ನನಗೆ ಬುದ್ಧಿ ಹೇಳಿದರು. ಎಪ್ಪತ್ತೆರಡರ ಮುದುಕಿಗೆ ಚಟದ ಚಿಂತೆ! ಗೋಡೆ ಹಿಡಿದು ಕುಳಿತು ಆಕೆ ಕಳೆದ ರಾತ್ರಿಗಳನ್ನು ಅವರು ಕಂಡವರಲ್ಲ. ಇಂಥ ರೋಗಿಗಳನ್ನು ಉಚಿತವಾಗಿ ಆರೈಕೆ ಮಾಡುವ ಕರುಣಾಶ್ರಯ ಬೆಂಗಳೂರಿನಲ್ಲಿದೆ. ಅಂಥದೊಂದು ಜಿಲ್ಲೆಗೊಂದಾದರೂ ಬೇಡವೆ? ಕಾಡಿನ ನಡುವಿನ ಮುದುಕಿ ನೋವು ತಗ್ಗಿಸಿಕೊಳ್ಳಲು ರಾಜಧಾನಿಗೆ ಹೋಗಬೇಕೆ?

ಗುಳಿಗೆ ಹಿಡಿದು ಎರಡು ರಾತ್ರಿ ನಿದ್ದೆ ಬಂದ ಮೇಲೆ ಆಯಿ ಅಂಗಳಕ್ಕೆ ಬಂದು ಕುಳಿತಳು. ಮುಡ್ಲಿ ಗಡ್ಡೆ ನೆಡಲು ನಾನು ತೋಡಿಸಿದ್ದ ಕುಣಿ ಮಳೆನೀರು ನಿಲ್ಲುವ ಜಾಗದಲ್ಲಿದೆಯೆಂದು ಬೈದು, ಬೇರೆ ಕಡೆ ತೋಡಿಸಿದಳು. ಆಮೇಲೆ, "ಕೀಳೋ ಹೊತ್ತಿಗೆ ನಾನಿಲ್ಲದಿದ್ರೆ ನಿನ್ನ ತಂಗಿ ಮನೆಗೂ ಎರಡು ಗಡ್ಡೆ ಕಳಿಸು" ಎಂದಳು. ಕಳಿಸುತ್ತೇನೆಂದೆ.